ಇದರಲ್ಲಿ ನಿಮ್ಮದು ಯಾವುದು?

ಬಿಸಿಎ ಮುಗಿಸಿದಾಗ ನನ್ನ ಪೋರ್ಟ್‌ಫೋಲಿಯೊದಲ್ಲಿ ಐದು ವೆಬ್‌ಸೈಟುಗಳಿದ್ದವು. ಸಿನಿಮಾ ತೋರಿಸುವ ಆ್ಯಪ್‌ ಒಂದರ ನಕಲು, ಹವಾಮಾನ ಹೇಳುವ ಪುಟ, ಕ್ಯಾಲ್ಕುಲೇಟರ್‌, ದಿನದ ಕೆಲಸಗಳ ಪಟ್ಟಿ, ಮತ್ತೆ ಎಲ್ಲಿಯೂ ಇಲ್ಲದ ಒಂದು ಕಾಫಿ ಶಾಪ್‌. ಐದನ್ನೂ ಯೂಟ್ಯೂಬ್‌ ನೋಡಿಕೊಂಡು ಮಾಡಿದ್ದೆ. ಮೊದಲ ಪುಟದಲ್ಲಿ ನನ್ನ ಹೆಸರಿನ ಅಕ್ಷರಗಳು ಒಂದೊಂದಾಗಿ ಮೂಡಿಬರುತ್ತಿದ್ದವು. ಗೆಳತಿಯರು ‘ಸೂಪರ್‌ ಕಣೇ’ ಅಂದಿದ್ದರು. ಅವರ ಪೋರ್ಟ್‌ಫೋಲಿಯೊದಲ್ಲೂ ಅದೇ ಹೀಗೆ ಮೂಡುತ್ತಿತ್ತು ಅನ್ನುವುದು ಆಗ ನಮಗ್ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಬೆಂಗಳೂರಿನ ಕಂಪನಿಯೊಂದರಲ್ಲಿ ಸಂದರ್ಶನ. ಎದುರು ಕೂತಿದ್ದ ಮೇಡಂ ಐದನ್ನೂ ನೋಡಲು ಎರಡು ನಿಮಿಷ ತೆಗೆದುಕೊಂಡಿರಬಹುದು. ‘ಬೆಳಿಗ್ಗೆಯಿಂದ ಈ ಸಿನಿಮಾ ಆ್ಯಪ್‌ ನಾಲ್ಕನೇ ಸಲ ನೋಡ್ತಿದ್ದೀನಿ. ಇದರಲ್ಲಿ ನಿಮ್ಮದು ಯಾವುದು?’ ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು. ನನ್ನ ಬಳಿ ಉತ್ತರವಿರಲಿಲ್ಲ.

ಸಂಜೆ ರೈಲು ಹಿಡಿದು ಬಿಡದಿಗೆ ಬಂದೆ. ಅಪ್ಪ ಎರಡನೇ ಪಾಳಿ ಮುಗಿಸಿ ಬರುವಾಗ ನಡುರಾತ್ರಿ. ಅವರು ಇಲ್ಲಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರರು, ಐಟಿಐ ಫಿಟ್ಟರ್‌. ಮೂರು ವರ್ಷದ ಫೀಸು ಹೇಗೆ ಹೊಂದಿಸಿದರು ಎಂಬುದನ್ನು ನಾನು ಬಲ್ಲೆ. ‘ಪೋರ್ಟ್‌ಫೋಲಿಯೊ ಅಂದ್ರೆ ಏನವ್ವಾ?’ ಎಂದು ಕೇಳಿದರು. ಹೇಳಿದೆ. ‘ಓ, ನಮ್ ಟ್ರೇಡ್‌ ಟೆಸ್ಟ್‌ ಪೀಸ್‌ ಇದ್ದಂಗೆ. ಎರಡು ಪೀಸ್‌ ಅರ ಹಾಕಿ ಉಜ್ಜಿ, ಒಂದರೊಳಗೊಂದು ಕೂರಿಸಿ ಕೊಡ್ತಿದ್ವಿ. ಎಕ್ಸಾಮಿನರ್‌ ಬೆಳಕಿಗೆ ಹಿಡಿದು ಸಂದು ನೋಡೋರು. ಪಕ್ಕದೋನ ಪೀಸ್‌ ಕೊಟ್ರೆ ಆಯ್ತದಾ?’

ಬಿಡದಿ ಎಂದರೆ ಹೊರಗಿನವರಿಗೆ ತಟ್ಟೆ ಇಡ್ಲಿ, ಇಲ್ಲವೇ ಟೊಯೊಟಾ. ಆದರೆ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಸಣ್ಣ ಸಣ್ಣ ಶೆಡ್ಡುಗಳಿವೆ. ದೊಡ್ಡವರಿಗೆ ಬೇಕಾದ ಬಿಡಿಭಾಗಗಳನ್ನು ಜಾಬ್‌ ವರ್ಕ್‌ ಮಾಡಿಕೊಡುವವರು. ಅಂಥದ್ದೊಂದರ ಮಾಲೀಕರು ಅಪ್ಪನಿಗೆ ಪರಿಚಯ. ಗೇಟಿನ ಮೇಲೊಂದು ಬೋರ್ಡ್‌ ಬಿಟ್ಟರೆ ಅವರ ಹೆಸರು ಎಲ್ಲೂ ಇರಲಿಲ್ಲ. ಅವರ ವರ್ಕ್‌ಶಾಪ್‌ಗೆ ವೆಬ್‌ಸೈಟ್‌ ಮಾಡಿಕೊಡುತ್ತೇನೆಂದೆ.

ಮೊದಲ ಸಲ ನಾನು ಮಾಡಿದ್ದು ನೆನೆದರೆ ಈಗ ನಗು ಬರುತ್ತದೆ. ಪರದೆ ತುಂಬ ಕಿಡಿ ಹಾರುವ ವಿಡಿಯೊ, ಅದರ ಮೇಲೆ ದೊಡ್ಡ ಇಂಗ್ಲಿಷ್‌ ಘೋಷಣೆ. ಮಾಲೀಕರು ಫೋನಿನಲ್ಲಿ ತೆರೆದರು. ವಿಡಿಯೊ ಸುತ್ತುತ್ತಲೇ ಇತ್ತು. ಕೊನೆಗೆ ಕೇಳಿದರು: ‘ಚೆನ್ನಾಗೈತಮ್ಮ. ನಮ್ ಮೆಷಿನ್‌ ಎಷ್ಟು ದೊಡ್ಡ ಪೀಸ್‌ ಹಿಡೀತದೆ ಅಂತ ಎಲ್ಲೈತೆ?’

ಆರ್ಡರ್‌ ಕೊಡಲು ಬರುವ ಪರ್ಚೇಸ್‌ ಅಧಿಕಾರಿಗೆ ಬೇಕಾದದ್ದು ಅದೇ. ಯಾವ ಯಾವ ಮೆಷಿನ್‌ ಇವೆ, ಎಷ್ಟು ವ್ಯಾಸ, ಎಷ್ಟು ಉದ್ದ, ಯಾವ ಲೋಹ, ಎಷ್ಟು ಸೂಕ್ಷ್ಮತೆ. ವಿಡಿಯೊ ಕಿತ್ತು ಹಾಕಿ ಒಂದು ಕೋಷ್ಟಕ ಇಟ್ಟೆ: ಎರಡು ಸಿಎನ್‌ಸಿ, ಒಂದು ವಿಎಂಸಿ, ಒಂದು ಹಳೆಯ ಲೇತ್‌, ಪ್ರತಿಯೊಂದರ ಅಳತೆ ಮಿಲಿಮೀಟರ್‌ಗಳಲ್ಲಿ. ಫೋನ್‌ ನಂಬರ್‌ ಮುಟ್ಟಿದರೆ ಕರೆ ಹೋಗುವಂತೆ ಮಾಡಿದೆ. ನನ್ನ ಮೊಬೈಲ್‌ನಲ್ಲಿ ತೆಗೆದ ಫೋಟೊ ಒಂದೊಂದೂ 5 ಎಂಬಿ ಇತ್ತು, ಅವನ್ನು 150 ಕೆಬಿಗೆ ಇಳಿಸಿದೆ. ಹೆಮ್ಮೆಯಿಂದ ಹಾಕಿದ್ದ ಬಿಡಿಭಾಗಗಳ ಫೋಟೊಗಳನ್ನು ಮಾತ್ರ ಅವರು ಪೂರ್ತಿ ತೆಗೆಸಿದರು. ಪೀಸ್‌ ಇವರು ಮಾಡಿದ್ದಾದರೂ ಡ್ರಾಯಿಂಗ್‌ ಗ್ರಾಹಕರದು, ಬಹಿರಂಗ ಮಾಡುವ ಹಾಗಿಲ್ಲ. ಇದನ್ನು ನಮಗೆ ಯಾವ ಪಾಠದಲ್ಲೂ ಹೇಳಿರಲಿಲ್ಲ.

ಇನ್ನೊಂದು ಸಂಗತಿ ನಾನಾಗಿ ಗಮನಿಸಿದ್ದು. ಆ ರಸ್ತೆಯಲ್ಲಿ ಐಟಿಐ ಮುಗಿಸಿದ ಹುಡುಗರು ಪ್ಲಾಸ್ಟಿಕ್‌ ಫೈಲ್‌ ಹಿಡಿದು ಗೇಟಿನಿಂದ ಗೇಟಿಗೆ ‘ಕೆಲಸ ಖಾಲಿ ಇದೆಯಾ’ ಎಂದು ಕೇಳುತ್ತಾ ಹೋಗುತ್ತಾರೆ. ಅವರಿಗಾಗಿ ಕನ್ನಡದಲ್ಲೊಂದು ಪುಟ ಮಾಡಿದೆ. ಅಲ್ಲಿಂದ ಶುರುವಾಯಿತು ನಿಜವಾದ ಪರದಾಟ. ಡಿಟಿಪಿ ಅಂಗಡಿಯಿಂದ ಬಂದ ಬರಹ ಹಳೆಯ ನುಡಿ ಫಾಂಟಿನದು, ಯೂನಿಕೋಡ್‌ ಅಲ್ಲ. ವೆಬ್‌ಪುಟಕ್ಕೆ ಅಂಟಿಸಿದರೆ ಕನ್ನಡ ಹೋಗಿ ಇಂಗ್ಲಿಷ್‌ ಅಕ್ಷರಗಳ ಕಲಸುಮೇಲೋಗರ. ಅದನ್ನು ಪರಿವರ್ತಿಸಿದ್ದಾಯಿತು. ಆಮೇಲೆ ನೋಡಿದರೆ ಗುಂಡಿಯ ಮೇಲಿದ್ದ ‘ಅರ್ಜಿ ಸಲ್ಲಿಸಿ’ ಎಂಬುದು ‘ಅರ್ಜಿ ಸಲಿಸಿ’ ಆಗಿತ್ತು. ಇಂಗ್ಲಿಷಿಗೆಂದು ಗೊತ್ತುಮಾಡಿದ ಎತ್ತರದಲ್ಲಿ ನಮ್ಮ ಒತ್ತಕ್ಷರಕ್ಕೆ ಜಾಗವಿಲ್ಲ, ಕೆಳಗಿನ ‘ಲ’ ಒತ್ತು ಕತ್ತರಿಸಿ ಹೋಗಿತ್ತು. ಗುಂಡಿಯ ಎತ್ತರವನ್ನು ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಟ್ಟು, ಸಾಲುಗಳ ಅಂತರವನ್ನು 1.2ರಿಂದ 1.6ಕ್ಕೆ ಏರಿಸಿ, ನೋಟೊ ಸಾನ್ಸ್‌ ಕನ್ನಡ ಫಾಂಟ್‌ ಹಾಕಿದ ಮೇಲೆ ಒತ್ತು ಮರಳಿ ಬಂತು. ಬರೆಯಲು ಎರಡು ಸಾಲು ಸಾಕು, ಕಂಡುಹಿಡಿಯಲು ನನಗೆ ಎರಡು ದಿನ ಬೇಕಾಯಿತು.

ಹಳೆಯ ಐದನ್ನೂ ಅಳಿಸಿದೆ. ಹೊಸ ಪೋರ್ಟ್‌ಫೋಲಿಯೊದಲ್ಲಿ ಇದ್ದದ್ದು ಈ ಒಂದೇ ಕೆಲಸ. ಮೊದಲು ಹೇಗಿತ್ತು, ಮಾಲೀಕರು ಏನು ಕೇಳಿದರು, ಏನು ಬದಲಿಸಿದೆ, ಯಾವುದು ಇನ್ನೂ ಸರಿಯಾಗಿಲ್ಲ ಎಂದು ಚಿತ್ರಗಳ ಸಮೇತ ಬರೆದಿದ್ದೆ. ಗಿಟ್‌ಹಬ್‌ನಲ್ಲಿ ಬಿಟ್ಟಿಯಾಗಿ ಇಡಬಹುದು, ಹಾಗಾಗಿ ಖರ್ಚೂ ಇರಲಿಲ್ಲ. ಮುಂದಿನ ಸಂದರ್ಶನ ಬೇರೊಂದು ಸಣ್ಣ ಕಂಪನಿಯಲ್ಲಿ. ಅಲ್ಲಿ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಆ ಕತ್ತರಿಸಿದ ಒತ್ತಿನ ಮಾತೇ ಆಯಿತು. ಈಗ ಅಲ್ಲೇ ಟ್ರೇನಿಯಾಗಿದ್ದೇನೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೂ ಅಪ್ಪ ಓವರ್‌ಟೈಮ್‌ ಕಡಿಮೆ ಮಾಡಿದ್ದಾರೆ.

‘ನಿನಗೆ ಪರಿಚಯದ ಮಾಲೀಕರಿದ್ದರು, ನಮಗೆ?’ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ವೆಬ್‌ಸೈಟ್‌ ಇಲ್ಲದ ಅಥವಾ ಇದ್ದೂ ಮೊಬೈಲ್‌ನಲ್ಲಿ ತೆರೆಯದ ಅಂಗಡಿ, ವರ್ಕ್‌ಶಾಪ್‌, ಊರಿನ ಗ್ರಂಥಾಲಯ ಯಾರ ರಸ್ತೆಯಲ್ಲಿಲ್ಲ? ಚನ್ನಪಟ್ಟಣದ ನನ್ನ ಗೆಳತಿ ತನ್ನ ಬೀದಿಯ ಬೊಂಬೆ ಮಾಡುವವರಿಗೆ ಪುಟ ಮಾಡುತ್ತಿದ್ದಾಳೆ. ಅರಗಿನ ಬಣ್ಣ ಫೋಟೊದಲ್ಲಿ ಸರಿಯಾಗಿ ಬರುತ್ತಿಲ್ಲ ಎಂಬುದು ಅವಳ ಈಗಿನ ತಲೆನೋವು. ಹಾಗೆಂದು ಸಿಕ್ಕವರಿಗೆಲ್ಲ ಪುಕ್ಕಟೆ ದುಡಿಯಿರಿ ಎನ್ನುತ್ತಿಲ್ಲ. ನನಗೆ ಮಾಲೀಕರು ಮೂರು ಸಾವಿರ ಕೊಟ್ಟರು, ಕೇಳಿಯೇ ಪಡೆದೆ.

ನಕಲು ಮಾಡಿ ಕಲಿಯುವುದು ತಪ್ಪಲ್ಲ, ನಾನೂ ಕಲಿತದ್ದು ಹಾಗೆಯೇ. ಅದನ್ನೇ ಉದ್ಯೋಗದಾತರ ಮುಂದೆ ಇಡುವುದಷ್ಟೇ ನನ್ನ ತಕರಾರು. ಈಗಂತೂ ಇಲ್ಲದ ಕಾಫಿ ಶಾಪ್‌ಗೆ ಎಐ ಒಂದು ನಿಮಿಷದಲ್ಲಿ ಪುಟ ಮಾಡಿಕೊಡುತ್ತದೆ. ಆದರೂ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್‌ ಪಟ್ಟಿಯಲ್ಲಿ ಸೀನಿಯರ್‌ಗಳು ಮಾಡಿದ್ದೇ ಪ್ರತಿವರ್ಷ ಮರಳುತ್ತದೆ. ಆ ಪಟ್ಟಿಯನ್ನು ಬದಿಗಿಟ್ಟು ವಿದ್ಯಾರ್ಥಿಗಳನ್ನು ಒಂದು ತಿಂಗಳು ಹತ್ತಿರದ ಕೈಗಾರಿಕಾ ಪ್ರದೇಶಕ್ಕೋ ಮಾರುಕಟ್ಟೆಗೋ ಕಳಿಸಿ ‘ಒಬ್ಬರ ಒಂದು ತೊಂದರೆ ಬಗೆಹರಿಸಿ ಬಾ’ ಎಂದರೆ ಕಾಲೇಜಿಗೆ ಖರ್ಚೇನೂ ಆಗದು.

ಮೊನ್ನೆ ವರ್ಕ್‌ಶಾಪ್‌ ಮಾಲೀಕರು ಫೋನ್‌ ಮಾಡಿದ್ದರು. ಇನ್ನೊಂದು ಸಿಎನ್‌ಸಿ ಬಂದಿದೆಯಂತೆ, ಪಟ್ಟಿಗೆ ಸೇರಿಸಬೇಕಂತೆ. ಭಾನುವಾರ ಹೋಗಿ ಫೋಟೊ ತೆಗೆಯಬೇಕು, ಮೆಷಿನ್ನಿನದು ಮಾತ್ರ.