ದಾರಿ ತೋರುವ ಯಂತ್ರವಲ್ಲ, ಜಾಗ ಹೇಳುವ ಯಂತ್ರ

ಕಾಲೇಜಿನ ಹುಡುಗ ಹುಡುಗಿಯರು ಬೆಟ್ಟ ಹತ್ತಲು ಹೊರಟಾಗ ಹಿಂದೆ ಮನೆಯವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ದಾರಿ ಗೊತ್ತಿರುವವರು ಯಾರಾದರೂ ಜೊತೆಗಿದ್ದಾರೆಯೇ?' ಈಗ ಆ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದು ಸಿಕ್ಕಿದೆ. 'ಜಿಪಿಎಸ್ ಇದೆಯಲ್ಲ!' ಅಷ್ಟು ಕೇಳಿದರೆ ಮಕ್ಕಳಿಗೂ ಧೈರ್ಯ, ಹೆತ್ತವರಿಗೂ ಸಮಾಧಾನ.

ಈ ಸಮಾಧಾನದ ಹಿಂದೆ ಎರಡು ತಪ್ಪು ತಿಳಿವಳಿಕೆಗಳಿವೆ. ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ರಿಸೀವರ್ ದಾರಿ ತೋರಿಸುತ್ತದೆ ಎಂಬುದು ಮೊದಲನೆಯದು. ಚಾರಣಿಗ ಎಲ್ಲಿದ್ದಾನೆಂದು ಅದು ಯಾರಿಗೋ ತಿಳಿಸುತ್ತಿರುತ್ತದೆ ಎಂಬುದು ಎರಡನೆಯದು. ಎರಡೂ ನಿಜವಲ್ಲ. ರಿಸೀವರ್ ಎಂದರೆ ಸಂಕೇತವನ್ನು ಬರಮಾಡಿಕೊಳ್ಳುವ ಸಾಧನ. ರೇಡಿಯೋ ಪೆಟ್ಟಿಗೆಯಂತೆ ಅದು ಕೇಳುತ್ತದೆಯೇ ಹೊರತು ಮಾತನಾಡುವುದಿಲ್ಲ. ಅದಕ್ಕೆ ಗೊತ್ತಿರುವುದು 'ಈಗ ನಿಂತಿರುವ ಜಾಗ ಯಾವುದು' ಎಂಬ ಒಂದೇ ಸಂಗತಿ. ಮಿಕ್ಕದ್ದನ್ನು ಅದನ್ನು ಹಿಡಿದವರು ಕಲಿತಿರಬೇಕು. ಆ ಕಲಿಕೆ ಬೆಟ್ಟದ ಮೇಲೆ ಮಂಜು ಕವಿದ ಮೇಲೆ ಆರಂಭವಾದರೆ ಪ್ರಯೋಜನವಿಲ್ಲ.

ಮೂರು ಊರಿನ ನಗಾರಿ

ಯಂತ್ರಕ್ಕೆ ಜಾಗ ಗೊತ್ತಾಗುವುದು ಹೇಗೆ? ಮೂರು ಊರುಗಳ ದೇವಸ್ಥಾನಗಳಲ್ಲಿ ಸಂಜೆ ಸರಿಯಾಗಿ 6 ಗಂಟೆಗೆ ನಗಾರಿ ಬಾರಿಸುತ್ತಾರೆಂದು ಭಾವಿಸಬಹುದು. ನಡುವಿನ ಬಯಲಿನಲ್ಲಿ ನಿಂತವನ ಕೈಗಡಿಯಾರ ಸರಿಯಾಗಿದೆ. ಮೊದಲ ಊರಿನ ಸದ್ದು ಅವನಿಗೆ 3 ಸೆಕೆಂಡ್ ತಡವಾಗಿ ಕೇಳಿಸಿತು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾದರೆ ಆ ಊರು ಹೆಚ್ಚುಕಡಿಮೆ 1 ಕಿಲೋಮೀಟರ್ ದೂರದಲ್ಲಿದೆ. ನಕ್ಷೆಯಲ್ಲಿ ಆ ಊರನ್ನು ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತ ಎಳೆದರೆ ಅವನು ಆ ವೃತ್ತದ ಮೇಲೆ ಎಲ್ಲೋ ಇದ್ದಾನೆ. ಎರಡನೆಯ ಊರಿನ ವೃತ್ತ ಅದನ್ನು ಎರಡು ಕಡೆ ಕತ್ತರಿಸುತ್ತದೆ. ಆ ಎರಡರಲ್ಲಿ ಯಾವುದು ಎಂಬುದನ್ನು ಮೂರನೆಯ ಊರಿನ ನಗಾರಿ ತೀರ್ಮಾನಿಸುತ್ತದೆ.

ಜಿಪಿಎಸ್‌ನಲ್ಲಿ ನಗಾರಿಯ ಬದಲು ಉಪಗ್ರಹಗಳಿವೆ, ಶಬ್ದದ ಬದಲು ರೇಡಿಯೋ ಅಲೆಗಳಿವೆ. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದ ಅಲೆ ಅಲ್ಲಿಂದ ನೆಲಕ್ಕೆ ಬರಲು ಒಂದು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಕಾಲ ಸಾಕು. ಇಲ್ಲಿ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅದಕ್ಕೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಕೈಯಲ್ಲಿರುವ ಯಂತ್ರದಲ್ಲಿ ಇರುವುದು ಸಾಮಾನ್ಯ ಸ್ಫಟಿಕ ಗಡಿಯಾರ. ಅದರ ತಪ್ಪನ್ನು ಕಂಡುಹಿಡಿದು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹ ಬೇಕು. ಆದ್ದರಿಂದ ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ತಿಳಿಯಬೇಕಾದರೆ ಕನಿಷ್ಠ 4 ಉಪಗ್ರಹಗಳು ಕಾಣುವಷ್ಟು ಆಕಾಶ ತೆರೆದಿರಬೇಕು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಆ ಎತ್ತರದ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತವೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ 10 ಕಿಲೋಮೀಟರಿಗೂ ಹೆಚ್ಚಿನ ತಪ್ಪು ಸೇರಿಕೊಳ್ಳುತ್ತಿತ್ತು.

ನೂರು ಮೀಟರಿನಿಂದ ಐದು ಮೀಟರಿಗೆ

ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೇನೆಗಾಗಿ ಕಟ್ಟಿದ ವ್ಯವಸ್ಥೆ ಇದು. ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. 24 ಉಪಗ್ರಹಗಳ ವ್ಯವಸ್ಥೆ ಪೂರ್ಣ ಬಳಕೆಗೆ ಸಿದ್ಧವೆಂದು 1995ರಲ್ಲಿ ಘೋಷಿಸಲಾಯಿತು. ಸಾರ್ವಜನಿಕರು ಕೊಳ್ಳಬಹುದಾದ ಮೊದಲ ಕೈ ರಿಸೀವರನ್ನು ಮೆಜೆಲನ್ ಕಂಪನಿ 1989ರಲ್ಲೇ ಮಾರಾಟಕ್ಕೆ ತಂದಿತ್ತು. ಆದರೆ ಸೇನೆಗೆ ಸೇರದವರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸಲಾಗುತ್ತಿದ್ದುದರಿಂದ ಯಂತ್ರ ತೋರಿಸುವ ಜಾಗ 100 ಮೀಟರಿನಷ್ಟು ಆಚೀಚೆ ಆಗಬಹುದಿತ್ತು. 2000ದ ಮೇ 2ರಂದು ಆ ಬೆರಕೆ ನಿಂತಿತು. ಮರುದಿನವೇ ಆರೆಗನ್ ರಾಜ್ಯದಲ್ಲಿ ಒಬ್ಬರು ಕಾಡಿನಲ್ಲಿ ಬಕೆಟ್ ಒಂದನ್ನು ಬಚ್ಚಿಟ್ಟು, ಅಕ್ಷಾಂಶ ರೇಖಾಂಶ ಹೇಳಿ, ಹುಡುಕಿರೆಂದು ಸವಾಲು ಹಾಕಿದರು. ಜಿಯೋಕ್ಯಾಶಿಂಗ್ ಎಂಬ ಆಟ ಹುಟ್ಟಿದ್ದು ಹೀಗೆ.

ಇಂದು ತೆರೆದ ಆಕಾಶದಡಿ ಒಳ್ಳೆಯ ರಿಸೀವರಿನ ತಪ್ಪು ಸಾಮಾನ್ಯವಾಗಿ 5 ಮೀಟರಿನ ಆಸುಪಾಸು. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡು ಉಪಗ್ರಹಗಳನ್ನೂ ಹಲವು ಯಂತ್ರಗಳು ಬಳಸಿಕೊಳ್ಳುತ್ತವೆ. ಭಾರತವೂ 2013ರಿಂದ ತನ್ನದೇ ಉಪಗ್ರಹಗಳನ್ನು ಹಾರಿಸಿ 'ನಾವಿಕ್' ವ್ಯವಸ್ಥೆಯನ್ನು ಕಟ್ಟಿತು. ಅದರ ನಿಯಂತ್ರಣಕ್ಕಾಗಿ ಇಸ್ರೋದ ಕೇಂದ್ರವೊಂದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ.

ಮೊದಲ ಪಾಠ ಆಟದ ಮೈದಾನದಲ್ಲಿ

ಹೊಸ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಬೆಟ್ಟಕ್ಕೆ ಒಯ್ಯುವುದು ಈಜು ಕಲಿಯಲು ತುಂಬಿದ ಹೊಳೆಗೆ ಇಳಿದಂತೆ. ಮೊದಲು ಶಾಲೆಯ ಮೈದಾನ ಸಾಕು. ಬಹುದಿನ ಮುಚ್ಚಿಟ್ಟಿದ್ದ ಅಥವಾ ದೂರದ ಊರಿಗೆ ಒಯ್ದ ಯಂತ್ರ ಉಪಗ್ರಹಗಳನ್ನು ಹುಡುಕಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಆಗ ಬಯಲಿನಲ್ಲಿ ಅದನ್ನು ಅಲುಗಾಡಿಸದೆ ಇಡಬೇಕು. ಅವಸರ ಮಾಡಿ ನಡೆಯತೊಡಗಿದರೆ ಇನ್ನಷ್ಟು ತಡ.

ಜಾಗ ಸಿಕ್ಕಿದ ಮೇಲೆ ಮೈದಾನದ ಒಂದು ಮೂಲೆಯನ್ನು ಗುರುತು ಮಾಡಿ ಹೆಸರು ಕೊಡಬೇಕು. ಇದಕ್ಕೆ ವೇಪಾಯಿಂಟ್ ಎನ್ನುತ್ತಾರೆ. ಅದೇ ಮೂಲೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ನಾಲ್ಕಾರು ಸಲ ಗುರುತು ಮಾಡಿದರೆ ಗುರುತುಗಳು ಒಂದರ ಮೇಲೊಂದು ಕೂರದೆ ಚದುರಿದ ಜೋಳದ ಕಾಳಿನಂತೆ ಅಕ್ಕಪಕ್ಕ ಬೀಳುತ್ತವೆ. ನಂತರ ಒತ್ತಾದ ಮರದಡಿ, ಎತ್ತರದ ಕಟ್ಟಡದ ಪಕ್ಕ ನಿಂತು ನೋಡಬೇಕು. ಗೋಡೆಗೆ ಬಡಿದು ಬರುವ ಸಂಕೇತ ಹೆಚ್ಚು ದೂರ ಸುತ್ತಿ ಬಂದಿರುವುದರಿಂದ ಅಲ್ಲಿ ತಪ್ಪು ಹೆಚ್ಚು. ಕಣಿವೆಯ ಬಂಡೆಗೋಡೆಯೂ, ದಟ್ಟ ಕಾಡೂ ಇದೇ ತೊಂದರೆ ಕೊಡುತ್ತವೆ. ಎತ್ತರದ ಅಂಕಿಯಲ್ಲಿ ತಪ್ಪು ಇನ್ನೂ ಹೆಚ್ಚು. ಯಂತ್ರ ಹೇಳುವ ಪ್ರತಿ ಅಂಕಿಯ ಹಿಂದೆಯೂ 'ಸುಮಾರು' ಎಂಬ ಮಾತಿದೆ ಎನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಮತ್ತೊಂದು ಪಾಠ ದಿಕ್ಕಿನದು. ಎಷ್ಟೋ ಯಂತ್ರಗಳಿಗೆ ನಿಂತಲ್ಲೇ ಉತ್ತರ ದಿಕ್ಕು ತಿಳಿಯದು. ನಾಲ್ಕು ಹೆಜ್ಜೆ ನಡೆದರೆ, ಹಿಂದಿನ ಜಾಗಕ್ಕೂ ಈಗಿನ ಜಾಗಕ್ಕೂ ಇರುವ ವ್ಯತ್ಯಾಸದಿಂದ ಅವು ದಿಕ್ಕನ್ನು ಲೆಕ್ಕ ಹಾಕುತ್ತವೆ. ಆದ್ದರಿಂದ ಚೀಲದಲ್ಲಿ ಸಾಧಾರಣ ದಿಕ್ಸೂಚಿಯೊಂದು ಇರಲೇಬೇಕು. ಅದಕ್ಕೆ ಬ್ಯಾಟರಿ ಬೇಕಿಲ್ಲ.

ಚುಕ್ಕೆಯೊಂದು ತಪ್ಪಿದರೆ

ಕರ್ನಾಟಕದ ಅತಿ ಎತ್ತರದ ಶಿಖರ ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಅದು ಇರುವುದು ಉತ್ತರ ಅಕ್ಷಾಂಶ 13.39 ಡಿಗ್ರಿಯಲ್ಲಿ. ಇದನ್ನೇ ಡಿಗ್ರಿ, ಮಿನಿಟುಗಳಲ್ಲಿ ಬರೆದರೆ ಸುಮಾರು 13 ಡಿಗ್ರಿ 23 ಮಿನಿಟು. ಅವಸರದಲ್ಲಿ ಯಾರಾದರೂ 13.39 ಎಂಬುದನ್ನು 13 ಡಿಗ್ರಿ 39 ಮಿನಿಟು ಎಂದು ಒತ್ತಿದರೆ? ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್; ಒಂದು ಮಿನಿಟು ಎಂದರೆ 1.85 ಕಿಲೋಮೀಟರ್. ಶಿಖರ ಸುಮಾರು 29 ಕಿಲೋಮೀಟರ್ ಉತ್ತರಕ್ಕೆ, ತರೀಕೆರೆಯ ಕಡೆಗೆ ಜರುಗಿಬಿಡುತ್ತದೆ! ಯಂತ್ರ ಅದನ್ನು ತಪ್ಪೆನ್ನುವುದಿಲ್ಲ; ಹೇಳಿದ ಕಡೆಗೇ ಬಾಣ ತೋರಿಸುತ್ತದೆ. ಬೇರೆಯವರಿಂದ ಅಂಕಿಗಳನ್ನು ಪಡೆದಾಗ ಅವು ಯಾವ ಬರಹದಲ್ಲಿವೆ ಎಂದು ಕೇಳಿಕೊಳ್ಳುವುದೂ, ಯಂತ್ರವನ್ನು ಅದೇ ಬರಹಕ್ಕೆ ಹೊಂದಿಸುವುದೂ ಅಗತ್ಯ.

ನಕ್ಷೆಯ ವಿಷಯದಲ್ಲೂ ಇಂಥದೇ ಎಚ್ಚರಿಕೆ ಬೇಕು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಟೋಪೋಶೀಟಿನಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಹಳೆಯ ಹಾಳೆಗಳು ಜಾರ್ಜ್ ಎವರೆಸ್ಟರ 1830ರ ಭೂಮಾಪನದ ಲೆಕ್ಕವನ್ನು ಆಧರಿಸಿದವು. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಬೇರೆ ಲೆಕ್ಕ. ಇವನ್ನು ಹೊಂದಿಸದೆ ಬಳಸಿದರೆ ನಮ್ಮ ಕಡೆ ನೂರು ಮೀಟರಿಗೂ ಮಿಕ್ಕ ವ್ಯತ್ಯಾಸ ಬರುತ್ತದೆ. ಬೆಟ್ಟದ ಏಣಿನ ಮೇಲೆ ಅಷ್ಟು ವ್ಯತ್ಯಾಸವಾದರೆ ಕಾಲುದಾರಿ ಇರಬೇಕಾದ ಕಡೆ ಪ್ರಪಾತ ಇರಬಹುದು. 2005ರ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆಂದು ಬಂದ ಹಾಳೆಗಳು ಡಬ್ಲ್ಯೂಜಿಎಸ್ 84 ಲೆಕ್ಕದಲ್ಲೇ ಇವೆ.

ಬಾಣ ಹಾರುತ್ತದೆ, ಕಾಲು ಹಾರದು

ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಯ ಕಡೆಗೆ ಏಣಿನ ಮೇಲೆ ನಡೆಯುವುದು ಹೆಸರಾದ ಚಾರಣ. ಈ ಸಾಲಿಗೆ ಚಂದ್ರದ್ರೋಣ ಪರ್ವತವೆಂಬ ಹೆಸರು ಬಂದಿರುವುದೇ ಅದು ಅರ್ಧಚಂದ್ರದಂತೆ ಬಾಗಿರುವುದರಿಂದ. ಹುಲ್ಲುಗಾವಲು, ನಡುವೆ ಮಡಿಕೆಗಳಲ್ಲಿ ಶೋಲಾ ಕಾಡು, ಎರಡೂ ಬದಿಗೆ ಇಳಿಜಾರು. ಬಿಸಿಲಿದ್ದಾಗ ಮುಂದಿನ ದಾರಿ ಕಣ್ಣಿಗೇ ಕಾಣುತ್ತದೆ. ಮಂಜು ಬಂದರೆ ಹತ್ತು ಮಾರು ಆಚೆಗಿನದು ಕಾಣದು.

ಅಂಥ ಹೊತ್ತಿನಲ್ಲಿ ಹೊಸಬರು ತಲುಪಬೇಕಾದ ಶಿಖರವನ್ನು ಆರಿಸಿ ಬಾಣದ ಹಿಂದೆ ಹೊರಡುತ್ತಾರೆ. ಬಾಣ ತೋರಿಸುವುದು ಹಕ್ಕಿ ಹಾರುವ ನೇರ ದಾರಿಯನ್ನು. ಏಣು ಬಾಗಿದೆ, ಬಾಣ ಬಾಗುವುದಿಲ್ಲ. ಅದರ ಹಿಂದೆ ಹೋದವರು ಏಣು ಬಿಟ್ಟು ಕಣಿವೆಗೆ ಇಳಿಯುತ್ತಾರೆ. 'ಇನ್ನು 800 ಮೀಟರ್' ಎಂದು ಪರದೆ ಹೇಳುತ್ತಿರುತ್ತದೆ. ನಡುವೆ ಇಳಿಯಲಾಗದ ಕೊರಕಲು ಇರುತ್ತದೆ. ಹೀಗಾಗಬಾರದೆಂದರೆ ದಾರಿ ತಿರುಗುವ ಕಡೆ, ಕವಲೊಡೆಯುವ ಕಡೆ, ನೀರು ಸಿಗುವ ಕಡೆಗಳನ್ನು ಮನೆಯಲ್ಲೇ ನಕ್ಷೆ ನೋಡಿ ಒಂದೊಂದಾಗಿ ಯಂತ್ರಕ್ಕೆ ಸೇರಿಸಬೇಕು. ಆಗ ಬಾಣ ದೂರದ ಶಿಖರದ ಬದಲು ಹತ್ತಿರದ ತಿರುವನ್ನು ತೋರಿಸುತ್ತದೆ. ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು ಎಂದು ಭೂಗೋಳದ ತರಗತಿಯಲ್ಲಿ ಕಲಿತ ಪಾಠ ಇಲ್ಲಿ ಪ್ರಾಣ ಕಾಯುವ ಪಾಠವಾಗುತ್ತದೆ.

ಹೊರಡುವ ಜಾಗವನ್ನು ಮೊದಲ ಹೆಜ್ಜೆ ಇಡುವ ಮುನ್ನವೇ ಗುರುತು ಮಾಡಬೇಕು. ನಡೆದ ದಾರಿಯನ್ನು ಯಂತ್ರ ಗೆರೆಯಾಗಿ ದಾಖಲಿಸುತ್ತಾ ಬರುತ್ತದೆ. ಆ ಸೌಲಭ್ಯ ಚಾಲೂ ಇದೆಯೇ ಎಂದು ನೋಡಿಕೊಳ್ಳಬೇಕು. ಯಂತ್ರವನ್ನು ಚೀಲದ ತಳದಲ್ಲಿ ಹುಗಿಯದೆ, ಆಕಾಶ ಕಾಣುವಂತೆ ಹೆಗಲ ಪಟ್ಟಿಗೆ ಸಿಕ್ಕಿಸಬೇಕು. ಅರ್ಧ ಗಂಟೆಗೊಮ್ಮೆ ನಿಂತು, ಪರದೆಯ ಮೇಲಿನ ಜಾಗವನ್ನೂ ಕಾಗದದ ನಕ್ಷೆಯನ್ನೂ ಎದುರಿನ ನೆಲವನ್ನೂ ತಾಳೆ ನೋಡಬೇಕು. ಮೂರೂ ಒಪ್ಪಿದರೆ ಮುಂದೆ. ಒಂದು ಒಪ್ಪದಿದ್ದರೂ ಅಲ್ಲೇ ನಿಂತು ಕಾರಣ ಹುಡುಕಬೇಕು.

ದಾರಿ ತಪ್ಪಿದೆ ಎನಿಸಿದಾಗ ಎಲ್ಲರೂ ಒಟ್ಟಿಗೆ ನಿಲ್ಲುವುದು ಮೊದಲ ಕೆಲಸ. ಆಮೇಲೆ, ಬಂದ ಗೆರೆಯ ಮೇಲೆಯೇ ಹಿಂದಿರುಗುವುದು ಕ್ಷೇಮ. ಆ ನೆಲದ ಮೇಲೆ ನಡೆಯಬಹುದು ಎಂಬುದು ಆಗಲೇ ಕಾಲಿಗೆ ಗೊತ್ತು. ಹಳ್ಳದ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ನಂಬಿಕೆ ಪಶ್ಚಿಮ ಘಟ್ಟದಲ್ಲಿ ಅಪಾಯಕಾರಿ. ಅಲ್ಲಿ ಹಳ್ಳ ಎಷ್ಟೋ ಕಡೆ ಜಲಪಾತವಾಗಿ ಬೀಳುತ್ತದೆ.

ಮೊಬೈಲ್ ಫೋನಿನಲ್ಲೂ ಜಿಪಿಎಸ್ ಇದೆ. ಟವರ್ ಸಿಗದ ಕಡೆಯೂ ಅದು ಜಾಗ ಹೇಳುತ್ತದೆ. ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಖಾಲಿ ಪರದೆಯ ಮೇಲೆ ಚುಕ್ಕೆಯೊಂದು ಮಾತ್ರ ಕಾಣುತ್ತದೆ. ಫೋಟೋ, ಹಾಡು ಎಂದು ಬ್ಯಾಟರಿ ಮುಗಿದರೆ ಅದೂ ಇಲ್ಲ. ಸೆಲ್ ಹಾಕುವ ರಿಸೀವರಿನಲ್ಲಿ ಹೊಸ ಸೆಲ್ ಹಾಕಿಕೊಳ್ಳಬಹುದೆಂಬ ಅನುಕೂಲವಿದೆ. ಒಂದು ಜೊತೆ ಹೆಚ್ಚಿಗೆ ಚೀಲದಲ್ಲಿರಬೇಕು.

ಮನೆಯಲ್ಲಿ ಉಳಿಯುವ ಕಾಗದ

ಹೆತ್ತವರು ನೆನಪಿಡಬೇಕಾದ ಮಾತೂ ಇದೆ. ಮಕ್ಕಳ ಕೈಯಲ್ಲಿರುವ ರಿಸೀವರ್ ಮನೆಗೆ ಯಾವ ಸುದ್ದಿಯನ್ನೂ ಕಳುಹಿಸುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಬೇರೆ ಸಾಧನಗಳಿವೆ. ಅವನ್ನು ಸರ್ಕಾರದ ಅನುಮತಿಯಿಲ್ಲದೆ ಭಾರತದಲ್ಲಿ ಬಳಸುವಂತಿಲ್ಲ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸುವ ಮುನ್ನ ಇದು ತಿಳಿದಿರಲಿ.

ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಒಂದು ಹಾಳೆ ಕಾಗದ ಬರೆಯುವ ಅಭ್ಯಾಸ ಒಳ್ಳೆಯದು. ಯಾವ ದಾರಿಯಿಂದ ಹತ್ತಿ ಯಾವ ದಾರಿಯಿಂದ ಇಳಿಯುತ್ತಾರೆ, ಜೊತೆಗಿರುವವರು ಯಾರು, ಅವರ ಮನೆಯ ಫೋನ್ ಯಾವುದು, ಅರಣ್ಯ ಇಲಾಖೆಯ ಅನುಮತಿ ಎಲ್ಲಿ ಪಡೆದಿದ್ದಾರೆ, ಎಷ್ಟು ಗಂಟೆಯೊಳಗೆ ಸುದ್ದಿ ಬರಬೇಕು ಎಂಬುದೆಲ್ಲ ಅದರಲ್ಲಿರಬೇಕು. ಆ ಹೊತ್ತು ಮೀರಿದರೆ ಮನೆಯವರು ಸುಮ್ಮನೆ ಕಾಯದೆ ಅರಣ್ಯ ಕಚೇರಿಗೆ, 112ಕ್ಕೆ ಕರೆ ಮಾಡಬೇಕು. ಫೋನ್ ಸಿಗುವ ಜಾಗದಲ್ಲಿ ಮಕ್ಕಳು ಸಿಕ್ಕಿಕೊಂಡಿದ್ದರೆ ಪರದೆಯ ಮೇಲಿನ ಅಕ್ಷಾಂಶ ರೇಖಾಂಶಗಳನ್ನು ನಿಧಾನವಾಗಿ ಓದಿ ಹೇಳಿದರೂ ಸಾಕು, ಹುಡುಕುವವರಿಗೆ ಇಡೀ ಬೆಟ್ಟ ಜಾಲಾಡುವ ಕೆಲಸ ತಪ್ಪುತ್ತದೆ.

ಈ ಭಾನುವಾರವೇ ಮೈದಾನದಲ್ಲಿ ಪಾಠ ಶುರು ಮಾಡಬಹುದು. ನಾಲ್ವರು ಗೆಳೆಯರಲ್ಲಿ ಒಬ್ಬರು ಡಬ್ಬಿಯೊಂದನ್ನು ಬಚ್ಚಿಟ್ಟು ಅಂಕಿ ಬರೆದುಕೊಡಲಿ. ಉಳಿದ ಮೂವರು ಹುಡುಕಲಿ. ಬಾಣ 'ತಲುಪಿತು' ಎಂದ ಮೇಲೂ ಡಬ್ಬಿ ಕಾಣದೆ, ಸುತ್ತ ನಾಲ್ಕು ಹೆಜ್ಜೆ ಕಣ್ಣಿಟ್ಟು ನೋಡಬೇಕಾಗುತ್ತದೆ. ಆ ನಾಲ್ಕು ಹೆಜ್ಜೆಯನ್ನು ಕಣ್ಣಿಗೆ ಕಲಿಸಿದ ಮೇಲೆ ಬೆಟ್ಟದ ಮಾತು.