ಗೃಹಸ್ಥರ ಗಣಕಯಂತ್ರ: ಅಳಿಸಿದರೂ ಅಳಿಯದ ಕಡತಗಳು

ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ತಿರುಳನ್ನು ಫಿನ್ಲೆಂಡ್ ದೇಶದ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು 1991ನೆಯ ಇಸವಿಯಲ್ಲಿ ರಚಿಸಿ ಲೋಕಕ್ಕೆ ಒಪ್ಪಿಸಿದನು. ಕ್ರಯವಿಲ್ಲದೆ ದೊರೆಯುವುದರಿಂದಲೂ, ಹಳೆಯ ಯಂತ್ರಗಳಲ್ಲಿಯೂ ನಡೆಯುವುದರಿಂದಲೂ ಮಿತವ್ಯಯದ ಗೃಹಸ್ಥರಿಗೆ ಇದು ಅನುಕೂಲವಾದುದು. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಗಣಕವಿದ್ಯೆಯನ್ನು ಕಲಿಯುವುದೂ ಇದರ ಮೇಲೆಯೇ. ಆದರೆ ಇದರಲ್ಲಿ ಕೆಲವು ಕಡತಗಳು, ಅಂದರೆ ಫೈಲುಗಳು, ಎಷ್ಟು ಅಳಿಸಿದರೂ ಹೋಗುವುದಿಲ್ಲವೆಂಬ ದೂರು ಆಗಾಗ ಬರುವುದುಂಟು.

ಚನ್ನಪಟ್ಟಣದಲ್ಲಿ ಅರಗಿನ ಬೊಂಬೆಗಳ ವ್ಯಾಪಾರ ಮಾಡುವ ವಾಚಕರೊಬ್ಬರು ಬರೆದಿರುವುದೂ ಇದನ್ನೇ. ಕಸದ ಬುಟ್ಟಿಗೆ ಹಾಕಿದ ಕೋಶವೊಂದು ಬರಿದಾಗಲೊಲ್ಲದು. ‘ಅನುಮತಿ ಇಲ್ಲ’ ಎಂಬ ಉತ್ತರವೇ ಬರುತ್ತದೆ. ನೆಂಟರ ಹುಡುಗನೊಬ್ಬನು, ಸಕಲಾಧಿಕಾರವನ್ನು ವಹಿಸಿ ಒಂದೇ ಆಜ್ಞೆಯಿಂದ ಎಲ್ಲವನ್ನೂ ನಿರ್ಮೂಲ ಮಾಡುವ ಉಪಾಯ ಹೇಳಿದ್ದಾನೆ. ಅದೇ ಯಂತ್ರದಲ್ಲಿ ಅವರ ದಿವಂಗತ ತಂದೆಯವರು ರಚಿಸಿದ ಬೊಂಬೆಗಳ ಚಿತ್ರಗಳೂ, ಅಂಗಡಿಯ ಲೆಕ್ಕವೂ ಇವೆ. ಬೇರೆ ಪ್ರತಿ ಇಲ್ಲ. ಹುಡುಗನ ಮಾತನ್ನು ಕೇಳಬಹುದೆ?

ಸರ್ವಥಾ ಕೂಡದು. ಆ ಆಜ್ಞೆಯು ಕಸದ ಬುಟ್ಟಿಯ ಮೂಲಕ ಹಾದುಹೋಗುವುದಿಲ್ಲ. ಹೋದದ್ದು ಹೋಯಿತೆಂದೇ ಎಣಿಸಬೇಕು. ಹೆಸರಿನ ನಡುವೆ ಒಂದು ಎಡೆ ತಪ್ಪಿ ಬಿದ್ದರೂ ಬೇರೊಂದು ಕೋಶವೇ ನಾಶವಾದೀತು. ಮೊದಲು ಚಿತ್ರಗಳನ್ನೂ ಲೆಕ್ಕವನ್ನೂ ಬೇರೊಂದು ಡಿಸ್ಕಿಗೆ ಪ್ರತಿಮಾಡಿ, ತೆರೆದು ನೋಡಿ, ಆ ಡಿಸ್ಕನ್ನು ಯಂತ್ರದಿಂದ ಕಳಚಿ ಇಡತಕ್ಕದ್ದು. ಆಮೇಲೆ ಕಾರಣವನ್ನು ವಿಚಾರಿಸೋಣ.

ಇಲ್ಲಿರುವ ತತ್ತ್ವವೊಂದನ್ನು ಅನೇಕರು ಅರಿಯರು. ಕೋಶವೆಂಬುದು ಶಾಲೆಯ ಹಾಜರಿ ಪುಸ್ತಕದಂತೆ; ಅದರಲ್ಲಿರುವುದು ಹೆಸರುಗಳು ಮಾತ್ರ. ಹೆಸರೊಂದನ್ನು ಹೊಡೆದುಹಾಕಲು ಪುಸ್ತಕದ ಮೇಲೆ ಅಧಿಕಾರ ಬೇಕೇ ಹೊರತು ಹುಡುಗನ ಮೇಲಲ್ಲ. ಹಾಗೆಯೇ ಕಡತವನ್ನು ಅಳಿಸುವ ಹಕ್ಕು ಅದು ಇರುವ ಕೋಶದಲ್ಲಿ ಬರೆಯುವ ಹಕ್ಕನ್ನು ಅನುಸರಿಸಿದೆ. ನಮ್ಮ ವಾಚಕರ ಕೋಶವು ಎಂದೋ ಪರಮಾಧಿಕಾರಿಯಾದ ‘ರೂಟ್’ ಹೆಸರಿನಲ್ಲಿ ನಡೆದ ಕಾರ್ಯದಿಂದ ಹುಟ್ಟಿರಬೇಕು. ಆದುದರಿಂದ ಅದರೊಳಗಿನದನ್ನು ತೆಗೆಯಲು ಅವರಿಗೆ ಹಕ್ಕು ಒದಗಲಿಲ್ಲ.

ಪರಿಹಾರವು ಸುಲಭ. ಕಸದ ಬುಟ್ಟಿಯು ಮನೆಕೋಶದೊಳಗೆ ‘ಡಾಟ್ ಲೋಕಲ್’, ಅದರೊಳಗೆ ‘ಷೇರ್’, ಅದರೊಳಗೆ ‘ಟ್ರ್ಯಾಷ್’, ಅದರೊಳಗೆ ‘ಫೈಲ್ಸ್’ ಎಂಬಲ್ಲಿದೆ. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಅಲ್ಲಿಗೆ ಹೋಗಿ, ಇಂಗ್ಲಿಷಿನ ಎಲ್, ಎಸ್, ಒಂದು ಎಡೆ, ಅಡ್ಡಗೆರೆ, ಎಲ್ ಎಂದು ಬರೆದರೆ ಒಡೆಯನ ಹೆಸರು ಕಾಣುವುದು. ‘ಸುಡೋ’ ಮತ್ತು ‘ಚೋನ್’ ಎಂಬ ಆಜ್ಞೆಗಳಿಂದ ಆ ಒಂದು ಕೋಶದ ಒಡೆತನವನ್ನು ಮಾತ್ರ ತಮ್ಮ ಹೆಸರಿಗೆ ಬದಲಾಯಿಸಿ, ಬಳಿಕ ಬುಟ್ಟಿಯನ್ನು ಎಂದಿನಂತೆ ಬರಿದು ಮಾಡಲಿ. ಅಧಿಕಾರವನ್ನು ಒಡೆತನ ಸರಿಪಡಿಸಲು ಮಾತ್ರ ವಹಿಸಬೇಕು, ಅಳಿಸಲು ಅಲ್ಲ ಎಂಬುದೇ ಇದರ ಸಾರ.

ಇತರ ಕಾರಣಗಳೂ ಉಂಟು. ಪೆನ್‌ಡ್ರೈವಿನಲ್ಲಿ ಅಳಿಸಿದ್ದು ಅದರೊಳಗಿನ ಒಂದು ಗುಪ್ತಕೋಶದಲ್ಲಿಯೇ ಉಳಿಯುವುದರಿಂದ, ಅದನ್ನು ಸಿಕ್ಕಿಸಿರುವಾಗಲೇ ಬುಟ್ಟಿಯನ್ನು ಬರಿದು ಮಾಡತಕ್ಕದ್ದು. ವಿಂಡೋಸ್ ಪೂರ್ಣವಾಗಿ ನಿಲ್ಲದೆ ನಿದ್ರಿಸಿದ್ದರೆ, ಅದರ ಭಾಗವು ಲಿನಕ್ಸಿಗೆ ಓದಲು ಮಾತ್ರ ದೊರೆಯುತ್ತದೆ. ವಿಂಡೋಸನ್ನು ಸರಿಯಾಗಿ ನಿಲ್ಲಿಸಿ ಬರಬೇಕು. ಕೆಲವು ಕಡತಗಳಿಗೆ ‘ಅಚಲ’ವೆಂಬ ಮುದ್ರೆ ಬಿದ್ದಿರುತ್ತದೆ, ‘ಚಾಟ್ರ್’ ಎಂಬ ಆಜ್ಞೆಯಿಂದ ಅದನ್ನು ತೆಗೆಯದೆ ರೂಟನಿಗೂ ಅಳಿಸಲಾಗದು. ಮುದ್ರೆ ಹಾಕಿದವರು ಯಾರು, ಏತಕ್ಕೆ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಕನ್ನಡದಲ್ಲಿ ಹೆಸರಿಡುವವರಿಗೆ ವಿಶೇಷವಾದ ತೊಡಕೊಂದಿದೆ. ‘ಬೊಂಬೆ’ ಎಂಬಲ್ಲಿಯ ಒತ್ವವನ್ನು ಯಂತ್ರವು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಇರಿಸಿಕೊಳ್ಳಬಹುದು. ಕಣ್ಣಿಗೆ ಎರಡೂ ಒಂದೇ, ಲಿನಕ್ಸಿಗೆ ಬೇರೆಬೇರೆ. ಆದುದರಿಂದ ಹೆಸರನ್ನು ಬರೆದು ಅಳಿಸಹೋದರೆ ‘ಅಂಥ ಕಡತವಿಲ್ಲ’ ಎನ್ನುತ್ತದೆ. ಹೆಸರನ್ನು ಬರೆಯದೆ, ಕಡತವನ್ನು ಚಿತ್ರಪಟದಲ್ಲಿಯೇ ಆರಿಸಿ ಅಳಿಸುವುದು ಮೇಲು. ಹೆಸರಿನ ಮಿತಿಯೂ ಸಾಮಾನ್ಯವಾಗಿ 255 ಬೈಟು. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕಾಗುವುದರಿಂದ ನಮಗೆ ಉಳಿಯುವುದು 85 ಸಂಕೇತಗಳು ಮಾತ್ರ. ಅಡ್ಡಗೆರೆಯಿಂದ ಆರಂಭವಾಗುವ ಹೆಸರನ್ನಂತೂ ಟರ್ಮಿನಲ್ ಒಂದು ಸೂಚನೆಯೆಂದೇ ತಿಳಿದುಬಿಡುತ್ತದೆ. ಅದರ ಮುಂದೆ ಬಿಂದುವನ್ನೂ ಓರೆಗೆರೆಯನ್ನೂ ಇಟ್ಟರೆ ಸರಿಹೋಗುವುದು.

ಪಾಣಿನೀಯ ವ್ಯಾಕರಣದಲ್ಲಿ ಲೋಪವೆಂದರೆ ಕಾಣದಿರುವುದು. ಲಿನಕ್ಸಿನಲ್ಲಿಯೂ ಅಳಿಸುವುದೆಂದರೆ ಪುಸ್ತಕದಿಂದ ಹೆಸರಿನ ಲೋಪವೇ. ಆ ಕಡತವನ್ನು ಒಂದು ಕಾರ್ಯಕ್ರಮವು ತೆರೆದು ಹಿಡಿದಿದ್ದರೆ, ಹೆಸರು ಹೋದರೂ ಡಿಸ್ಕಿನಲ್ಲಿ ಸ್ಥಳವು ಬಿಡುವಾಗದು. ಆ ಕಾರ್ಯಕ್ರಮವನ್ನು ಮುಚ್ಚಿದರೆ, ಇಲ್ಲವೆ ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಿದರೆ ಸ್ಥಳವು ದೊರೆಯುತ್ತದೆ.

ಪ್ರತಿಮಾಡುವುದು, ಒಡೆಯನನ್ನು ನೋಡುವುದು, ಡಿಸ್ಕು ಓದಲು ಮಾತ್ರವೋ ಎಂದು ಪರೀಕ್ಷಿಸುವುದು, ಹೆಸರನ್ನು ವಿಚಾರಿಸುವುದು: ಈ ಕ್ರಮವನ್ನು ಬರೆದು ಯಂತ್ರದ ಬಳಿ ಅಂಟಿಸಿಕೊಳ್ಳಿರಿ. ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣಗಳ ವಾಚಕರಲ್ಲಿ ಇಂಥ ತೊಡಕುಳ್ಳವರು ಯಂತ್ರವು ಕೊಟ್ಟ ಉತ್ತರವನ್ನು ಇದ್ದಂತೆಯೇ ನಕಲು ಮಾಡಿ ಕಳುಹಿಸತಕ್ಕದ್ದು. ಆ ಮಾತಿನಲ್ಲಿಯೇ ಪ್ರಾಯಶಃ ಕಾರಣವು ಅಡಗಿರುತ್ತದೆ.