ಮಣ್ಣಿನಲ್ಲಿ ಇಡುವ ಹಣ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದ ಹಿರಿಯರು ಈ ಎರಡು ಕಾರ್ಯಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಎರಡರಲ್ಲಿಯೂ ಎಣಿಸಿದ್ದಕ್ಕಿಂತ ಹೆಚ್ಚು ಹಣ ವೆಚ್ಚವಾಗುತ್ತದೆ. ಎರಡರಲ್ಲಿಯೂ ಒಮ್ಮೆ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯುವುದು ಸುಲಭವಲ್ಲ. ಹಾಗಿದ್ದೂ ಸಂಬಳದಲ್ಲಿ ನಾಲ್ಕು ಕಾಸು ಉಳಿಸಿದ ಗೃಹಸ್ಥನ ಮನಸ್ಸು ಮೊದಲು ಹರಿಯುವುದು ನಿವೇಶನ, ಮನೆಗಳ ಕಡೆಗೇ.

ಇದಕ್ಕೆ ಕಾರಣವಿಲ್ಲದಿಲ್ಲ. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, 1898ರ ಪ್ಲೇಗಿನ ಕಾಲದಲ್ಲಿ ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳ ಕಡೆಗೆ ಹೋದವರೂ, 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯಿಂದ ಮುಂದೆ ನಿವೇಶನ ಪಡೆದವರೂ ಬಿಟ್ಟುಹೋದ ಮಣ್ಣು ಮೊಮ್ಮಕ್ಕಳ ಕಾಲಕ್ಕೆ ಹೊನ್ನಾಯಿತು. ಅಂಥ ಅಜ್ಜಂದಿರ ಕಥೆ ಪ್ರತಿಯೊಂದು ಬಂಧುವರ್ಗದಲ್ಲಿಯೂ ಒಂದಾದರೂ ಉಂಟು. ಆದರೆ ಹಣ ಕಟ್ಟಿ ನಿವೇಶನವನ್ನು ಕಾಣದೆ ಕಣ್ಮುಚ್ಚಿದ ಅಜ್ಜಂದಿರೂ ಇದ್ದರು. ಅವರ ಕಥೆಯನ್ನು ಹಬ್ಬದ ಊಟದ ಪಂಕ್ತಿಯಲ್ಲಿ ಯಾರೂ ಹೇಳುವುದಿಲ್ಲ.

ಮಣ್ಣಿನ ವ್ಯಾಪಾರದಲ್ಲಿ ಕೊಳ್ಳುವುದು ಮಣ್ಣನ್ನಲ್ಲ, ಅದರ ಮೇಲಿನ ಹಕ್ಕನ್ನು. ಇದೊಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೊಸಬನಿಗೆ ಅರ್ಧ ದಾರಿ ಸಾಗಿದಂತೆ. ಈ ಹಣವನ್ನು ತೊಡಗಿಸಲು ಇಂದು ಹಲವು ಮಾರ್ಗಗಳಿವೆ. ಯಾವುದನ್ನು ಹಿಡಿದರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಹಕ್ಕು ನಿಷ್ಕಳಂಕವಾಗಿದೆಯೆ? ಮಾರುವ ದಿನದವರೆಗೆ ಆದಾಯವೇನಾದರೂ ಬರುತ್ತದೆಯೆ? ಮಗಳ ಓದಿಗೋ ಮುದುಕರ ಶಸ್ತ್ರಚಿಕಿತ್ಸೆಗೋ ಹಣ ಬೇಕಾದ ದಿನ ಅದು ಕೈಗೆ ಮರಳುತ್ತದೆಯೆ?

ಮೊದಲನೆಯ ಮಾರ್ಗ ಎಲ್ಲರಿಗೂ ಪರಿಚಿತವಾದ ಖಾಲಿ ನಿವೇಶನ. ಬೆಲೆ ಏರಿದರೆ ಅದರ ಲಾಭವೆಲ್ಲ ಒಡೆಯನದೇ. ಗೋಡೆಯಿಲ್ಲದ್ದರಿಂದ ಬಿರುಕೂ ಇಲ್ಲ, ಸುಣ್ಣಬಣ್ಣದ ವೆಚ್ಚವೂ ಇಲ್ಲ. ಆದರೆ ಮೂರು ಪ್ರಶ್ನೆಗಳಲ್ಲಿ ಮೊದಲನೆಯದು ಇಲ್ಲಿ ಬಹಳ ಕಠಿಣವಾದದ್ದು. ಮಾರುವವನಿಗೆ ಆ ಜಮೀನು ಹೇಗೆ ಬಂತೆಂಬುದನ್ನು ಮೂಲಪತ್ರದಿಂದ ಮೊದಲ್ಗೊಂಡು ಕೊಂಡಿ ತಪ್ಪದಂತೆ ನೋಡಬೇಕು. ಕನಿಷ್ಠ 30 ವರ್ಷಗಳ ಋಣಭಾರ ಪತ್ರವನ್ನು ಉಪನೋಂದಣಿ ಕಚೇರಿಯಿಂದ ತೆಗೆಸಬೇಕು. ಕೃಷಿಭೂಮಿಯಾಗಿದ್ದದ್ದು ವಾಸದ ಉಪಯೋಗಕ್ಕೆ ಕ್ರಮವಾಗಿ ಪರಿವರ್ತನೆಯಾಗಿದೆಯೆ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ದೊರೆತಿದೆಯೆ ಎಂಬುದೂ ಅಷ್ಟೇ ಮುಖ್ಯ. ಇವೆರಡೂ ಇಲ್ಲದ “ರೆವಿನ್ಯೂ ಸೈಟು” ಅಗ್ಗವಾಗಿ ಸಿಕ್ಕುವುದೇನೋ ನಿಜ; ಅಗ್ಗವಾಗಿರುವುದಕ್ಕೆ ಕಾರಣವೂ ಅದೇ.

ಖಾತೆ ಇದೆಯೆಂದು ಧೈರ್ಯ ಹೇಳುವ ದಲ್ಲಾಳಿಗಳಿಗೆ ಕೊರತೆಯಿಲ್ಲ. ಖಾತೆಯೆಂಬುದು ತೆರಿಗೆ ಕಟ್ಟುವವರ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ. ಅಂತೆಯೇ ಬರಿಯ ಅಧಿಕಾರಪತ್ರದ, ಅಂದರೆ ಜಿ.ಪಿ.ಎ.ಯ ಮೂಲಕ ನಡೆಯುವ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕರ್ನಾಟಕದ ಕಾಯಿದೆಯಂತೆ ಆ ಕ್ರಯ ನಿಲ್ಲುವುದಿಲ್ಲ. ಇನ್ನು, ಆಸ್ತಿ ಪಿತ್ರಾರ್ಜಿತವಾಗಿದ್ದರೆ ಮಾರುವವನ ಅಕ್ಕತಂಗಿಯರ ಸಹಿಯನ್ನೂ ಕೇಳತಕ್ಕದ್ದು. ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಭಾಗಿಗಳೆಂಬುದು 2005ರ ತಿದ್ದುಪಡಿಯಿಂದ ಬಂದ ಹಕ್ಕು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತಷ್ಟು ದೃಢಪಡಿಸಿತು. “ತಂಗಿಯದೇನೂ ತಕರಾರಿಲ್ಲ” ಎಂಬ ಬಾಯಿಮಾತು ಹತ್ತು ವರ್ಷಗಳ ತರುವಾಯ ನ್ಯಾಯಾಲಯದ ನೋಟೀಸಾಗಿ ಬಾಗಿಲು ತಟ್ಟೀತು.

ನಿವೇಶನದ ಬೆಲೆಯ ಮೇಲೆ ಇನ್ನೊಂದು ವೆಚ್ಚವಿದೆ. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿಗೆ ಮೇಲ್ಪಟ್ಟ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇಕಡಾ 5; ಅದರ ಮೇಲೆ ಸೆಸ್ಸು, ಸರ್ಚಾರ್ಜುಗಳುಂಟು; 2025ರ ಆಗಸ್ಟ್ ಅಂತ್ಯದಲ್ಲಿ ನೋಂದಣಿ ಶುಲ್ಕವೂ ಶೇಕಡಾ 1ರಿಂದ 2ಕ್ಕೆ ಏರಿತು. ಎಂದರೆ 60 ಲಕ್ಷದ ನಿವೇಶನಕ್ಕೆ ಇವುಗಳ ಬಾಬತ್ತಿನಲ್ಲೇ ಸುಮಾರು ನಾಲ್ಕೂವರೆ ಲಕ್ಷ. ಬೆಲೆ ಅಷ್ಟು ಏರುವವರೆಗೆ ಕೊಂಡವನು ನಷ್ಟದಲ್ಲಿಯೇ ಇರುತ್ತಾನೆ. ಅಲ್ಲಿಯವರೆಗೆ ನಿವೇಶನ ಒಂದು ಕಾಸನ್ನೂ ಗಳಿಸದು. ಕಂದಾಯ ಕಟ್ಟಿಸಿಕೊಂಡು, ಗಿಡಗಂಟಿ ಬೆಳೆಸಿಕೊಂಡು, ಒತ್ತುವರಿಯ ಭಯವನ್ನು ಮಾತ್ರ ಕೊಡುತ್ತಿರುತ್ತದೆ.

ಊರ ಹೊರಗೆ ಕೆಲವು ಗುಂಟೆ ತೋಟದ ಭೂಮಿಯನ್ನು ಕೊಳ್ಳುವ ಆಸೆಯೂ ಈಚೆಗೆ ಹಬ್ಬಿದೆ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂಬ ನಿರ್ಬಂಧವನ್ನು ಕರ್ನಾಟಕವು 2020ರ ತಿದ್ದುಪಡಿಯಿಂದ ತೆಗೆದುಹಾಕಿತು. ಆದರೆ ಕೊಳ್ಳಲು ಬಂದೊಡನೆ ಅದು ಮನೆಯ ನಿವೇಶನವಾಗಿಬಿಡುವುದಿಲ್ಲ. ಜಾಹೀರಾತಿನ ಚಿತ್ರದಲ್ಲಿ ಮಾವಿನ ಮರದ ಕೆಳಗೆ ತೋರುವ ಚೆಂದದ ಮನೆಗೆ ಅನುಮತಿ ಇದೆಯೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಎರಡನೆಯ ಮಾರ್ಗ ಗೃಹನಿರ್ಮಾಣ ಸಹಕಾರ ಸಂಘ. ನೌಕರರು ಒಟ್ಟುಗೂಡಿ ಜಮೀನು ಪಡೆದು ಹಂಚಿಕೊಳ್ಳುವ ಈ ಪದ್ಧತಿ ಎಷ್ಟೋ ಸಾಮಾನ್ಯ ಕುಟುಂಬಗಳಿಗೆ ನೆಲೆ ಕೊಟ್ಟಿದೆ. ಕಂತುಕಂತಾಗಿ ಹಣ ಕಟ್ಟುವ ಸೌಕರ್ಯವೂ ಉಂಟು. ಆದರೆ ಹಣ ಇಂದು ಹೋಗುತ್ತದೆ, ನಿವೇಶನ ಮುಂದೆಂದೋ ಬರುತ್ತದೆ. ನಡುವಣ ಕಾಲದಲ್ಲಿ ಸದಸ್ಯನ ಕೈಯಲ್ಲಿರುವುದು ರಸೀತಿ ಮಾತ್ರ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರಿನ ಇಂಥ ಒಂದು ಸಂಘಕ್ಕಾಗಿ ನಡೆದಿದ್ದ ಭೂಸ್ವಾಧೀನವನ್ನೇ, ಮಧ್ಯವರ್ತಿಗಳ ಕೈವಾಡವನ್ನು ಕಂಡು, ರದ್ದುಪಡಿಸಿತು. ಆದಕಾರಣ ಸಂಘಕ್ಕೆ ಸೇರುವ ಮುನ್ನ ಜಮೀನು ಈಗಾಗಲೇ ಸಂಘದ ಹೆಸರಿಗೆ ಬಂದಿದೆಯೆ, ನಕ್ಷೆ ಮಂಜೂರಾಗಿದೆಯೆ, ಸದಸ್ಯರೆಷ್ಟು, ನಿವೇಶನಗಳೆಷ್ಟು ಎಂದು ಕೇಳುವುದು ಅವಿಶ್ವಾಸವಲ್ಲ, ವಿವೇಕ.

ಮೂರನೆಯದು ಫ್ಲ್ಯಾಟು. ಕೊಂಡು ಬಾಡಿಗೆಗೆ ಕೊಟ್ಟರೆ ತಿಂಗಳಿಗಿಷ್ಟು ಎಂದು ಆದಾಯ ಬರುವುದು ಇದರ ಆಕರ್ಷಣೆ. ಕಟ್ಟುತ್ತಿರುವ ಫ್ಲ್ಯಾಟನ್ನು ಕೊಳ್ಳುವವರಿಗೆ 2016ರ ರೇರಾ ಕಾಯಿದೆಯಿಂದ ಒಳ್ಳೆಯ ರಕ್ಷಣೆ ದೊರೆತಿದೆ. ನೋಂದಾಯಿತ ಕರಾರುಪತ್ರವಿಲ್ಲದೆ ಬಿಲ್ಡರು ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಗ್ರಾಹಕರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಆ ಕಟ್ಟಡದ ಕೆಲಸಕ್ಕಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು. ವಶಕ್ಕೆ ಕೊಟ್ಟ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಉಚಿತವಾಗಿ ಸರಿಪಡಿಸಿಕೊಡಬೇಕು. ಬೆಲೆಯನ್ನು ಗೋಡೆಗಳ ಒಳಗೆ ನಿಜವಾಗಿ ಬಳಕೆಗೆ ಸಿಕ್ಕುವ ಕಾರ್ಪೆಟ್ ಏರಿಯಾದ ಲೆಕ್ಕದಲ್ಲಿ ತಿಳಿಸಬೇಕು. ಯೋಜನೆಯ ನೋಂದಣಿ ಸಂಖ್ಯೆಯನ್ನು ರಾಜ್ಯದ ರೇರಾ ಪ್ರಾಧಿಕಾರದ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು.

ಮುಗಿದ ಫ್ಲ್ಯಾಟಿನಲ್ಲಿ ಕೇಳಬೇಕಾದ ಮೊದಲ ಕಾಗದ ಸ್ವಾಧೀನಾನುಭವ ಪ್ರಮಾಣಪತ್ರ, ಜನರ ಮಾತಿನಲ್ಲಿ ಓ.ಸಿ. ಮಂಜೂರಾದ ನಕ್ಷೆಯಂತೆಯೇ ಕಟ್ಟಿದ್ದಾರೆಂಬುದಕ್ಕೆ ಅದೇ ಸಾಕ್ಷಿ. ಈ ಪತ್ರ ಬಂದ ನಂತರವೇ ನೀರು, ವಿದ್ಯುತ್ ಸಂಪರ್ಕಗಳನ್ನು ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ವಿಧಿಸಿದ ಮೇಲಂತೂ ಅದರ ಬೆಲೆ ಇನ್ನಷ್ಟು ಹೆಚ್ಚಿದೆ.

ಇನ್ನು ಆದಾಯದ ಲೆಕ್ಕ. 60 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 18,000 ರೂಪಾಯಿ ಬಾಡಿಗೆ ಬರುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 2,16,000, ಕೇಳುವುದಕ್ಕೆ ಹಿತವಾಗಿದೆ. ಒಂದು ತಿಂಗಳು ಮನೆ ಖಾಲಿಯಿದ್ದು, ಕಂದಾಯ ಮತ್ತು ರಿಪೇರಿಗೆ 30,000 ಹೋದರೆ ಉಳಿಯುವುದು 1,68,000. ಹೂಡಿದ ಹಣದ ಮೇಲೆ ಇದು ನೂರಕ್ಕೆ ಮೂರು ರೂಪಾಯಿಗೂ ಕಡಿಮೆ. ಇದೇ ಫ್ಲ್ಯಾಟಿಗೆ 40 ಲಕ್ಷ ಸಾಲವನ್ನು ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 34,700. “ಬಾಡಿಗೆಯೇ ಸಾಲ ತೀರಿಸುತ್ತದೆ” ಎಂದು ಹೇಳುವವರು ಈ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ನಡುವಣ ಅಂತರವನ್ನು ತುಂಬುವುದು ಮನೆಯ ಅಡುಗೆ ಖರ್ಚು, ಮಕ್ಕಳ ಶುಲ್ಕ. ಲಾಭವೇನಿದ್ದರೂ ಮುಂದೆ ಬೆಲೆ ಏರುವುದೆಂಬ ನಿರೀಕ್ಷೆಯಲ್ಲಿದೆ. ಕಟ್ಟಡ ಹಳೆಯದಾದಂತೆ ಏರುವುದು ನೆಲದ ಬೆಲೆಯೇ ಹೊರತು ಗೋಡೆಯದಲ್ಲ. ಫ್ಲ್ಯಾಟಿನ ಒಡೆಯನಿಗೆ ನೆಲದಲ್ಲಿರುವುದು ಅವಿಭಕ್ತ ಪಾಲು ಮಾತ್ರ. ಅದು ಎಷ್ಟು ಚದರಡಿ ಎಂಬುದನ್ನು ಕ್ರಯಪತ್ರದಲ್ಲಿ ಓದಿ ತಿಳಿಯಬೇಕು.

ನಾಲ್ಕನೆಯದು ಕರ್ನಾಟಕದವರಿಗೆ ಚಿರಪರಿಚಿತವಾದ ಭೋಗ್ಯ. ಈಗ “ಲೀಸು” ಎಂಬ ಹೆಸರಿನಿಂದ ನಡೆಯುತ್ತಿದೆ. ಒಂದು ದೊಡ್ಡ ಮೊತ್ತವನ್ನು ಒಡೆಯನ ಕೈಗಿತ್ತು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಕೊನೆಗೆ ಬಡ್ಡಿಯಿಲ್ಲದೆ ಆ ಹಣವನ್ನು ಹಿಂದಕ್ಕೆ ಪಡೆಯುವುದು ಇದರ ಕ್ರಮ. 15 ಲಕ್ಷ ಕೊಟ್ಟು ತಿಂಗಳಿಗೆ 12,000ದ ಬಾಡಿಗೆ ಉಳಿಸಿದವನಿಗೆ ಅದು ಶೇಕಡಾ ಒಂಬತ್ತೂವರೆಯ ಆದಾಯವಿದ್ದಂತೆ. ಆದ್ದರಿಂದಲೇ ಗೃಹಿಣಿಯರಿಗೂ ಇದು ಮೆಚ್ಚುಗೆ. ಆದರೆ ಹಣ ಹಿಂದಿರುಗಬೇಕಾದದ್ದು ಒಡೆಯನ ಜೇಬಿನಿಂದ. ಅದು ಬರಿದಾಗಿದ್ದರೆ ಗತಿಯೇನು? ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದು ಒಡೆಯ ಕಂತು ತಪ್ಪಿಸಿದರೆ, ಬ್ಯಾಂಕಿನವರು ಬಂದು ಬೀಗ ಹಾಕುವಾಗ ಭೋಗ್ಯದವನ ಮಾತಿಗೆ ಬಲವಿಲ್ಲ. ಸ್ವಾಧೀನ ಸಹಿತವಾದ ಅಡಮಾನವು ನೋಂದಣಿಯಾಗಿರಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ಋಣಭಾರ ಪತ್ರ ನೋಡದೆ, ಛಾಪಾಕಾಗದದ ಮೇಲೆ ಎರಡು ಸಹಿ ಹಾಕಿಸಿಕೊಂಡು ಜೀವಮಾನದ ಗಳಿಕೆಯನ್ನು ಒಪ್ಪಿಸುವವರು, ತಾವು ಬಾಡಿಗೆದಾರರಲ್ಲ, ಜಾಮೀನಿಲ್ಲದೆ ಸಾಲ ಕೊಟ್ಟವರು ಎಂಬುದನ್ನು ಮರೆತಿರುತ್ತಾರೆ.

ಐದನೆಯ ಮಾರ್ಗ ಹೊಸದು. ಇದರ ಹೆಸರು ರೀಟ್; ಅಂದರೆ ಸ್ಥಿರಾಸ್ತಿಯಲ್ಲಿ ಹಣ ತೊಡಗಿಸುವ ನ್ಯಾಸ. ದೊಡ್ಡ ಕಚೇರಿ ಕಟ್ಟಡಗಳನ್ನೋ ಮಾಲುಗಳನ್ನೋ ನ್ಯಾಸವೊಂದು ಹೊಂದಿದ್ದು, ಅದರ ಘಟಕಗಳನ್ನು ಷೇರುಗಳಂತೆ ಜನ ಕೊಳ್ಳುತ್ತಾರೆ. ಸೆಬಿ ಸಂಸ್ಥೆಯು ಇದಕ್ಕೆ ನಿಯಮಗಳನ್ನು ರಚಿಸಿದ್ದು 2014ರಲ್ಲಿ. ಭಾರತದ ಮೊದಲನೆಯ ರೀಟ್ ಆದ ಬೆಂಗಳೂರಿನ ಎಂಬಸಿ ಆಫೀಸ್ ಪಾರ್ಕ್ಸ್ ಷೇರುಪೇಟೆಗೆ ಬಂದದ್ದು 2019ರ ಏಪ್ರಿಲಿನಲ್ಲಿ. ಆಸ್ತಿಯಲ್ಲಿ ಶೇಕಡಾ 80ರಷ್ಟಾದರೂ ಪೂರ್ಣಗೊಂಡು ಬಾಡಿಗೆ ತರುತ್ತಿರುವ ಕಟ್ಟಡಗಳಾಗಿರಬೇಕು; ಹಂಚಲು ದೊರೆಯುವ ಹಣದಲ್ಲಿ ಶೇಕಡಾ 90ನ್ನು ಆರು ತಿಂಗಳಿಗೊಮ್ಮೆಯಾದರೂ ಘಟಕದಾರರಿಗೆ ಹಂಚಬೇಕು. ಮೊದಲು ಇದಕ್ಕೆ ಎರಡು ಲಕ್ಷಕ್ಕೂ ಮೇಲ್ಪಟ್ಟ ಹಣ ಬೇಕಾಗಿತ್ತು. 2021ರಿಂದೀಚೆಗೆ ಪೇಟೆಯಲ್ಲಿ ಒಂದೇ ಒಂದು ಘಟಕವನ್ನೂ ಕೊಳ್ಳಬಹುದು. ಡಿಮ್ಯಾಟ್ ಖಾತೆಯೊಂದಿದ್ದರೆ ಸಾಕು.

ಮೂಲಪತ್ರ ಹುಡುಕುವ, ಬಾಡಿಗೆದಾರನ ಹಿಂದೆ ಅಲೆಯುವ ತೊಂದರೆ ಇಲ್ಲಿಲ್ಲ. ಬೇಕಾದ ದಿನ ಮಾರಬಹುದು. ಆದರೆ ಆ ದಿನದ ಬೆಲೆ ಪೇಟೆ ಹೇಳಿದ ಬೆಲೆ. 2020ರ ಕೋವಿಡ್ ಕಾಲದಲ್ಲಿ ಕಚೇರಿಗಳು ಬರಿದಾದದ್ದನ್ನು ಕಂಡವರಿಗೆ ಕಚೇರಿ ಕಟ್ಟಡವೂ ಅಚಲವಲ್ಲವೆಂದು ತಿಳಿದಿದೆ. ಒಂದೇ ಕಟ್ಟಡವನ್ನು ಹಲವರು ಹಂಚಿಕೊಳ್ಳುವ ಕಿರಿಯ ರೀಟುಗಳಿಗೂ 2024ರಲ್ಲಿ ಸೆಬಿ ನಿಯಮ ಮಾಡಿತು. ಅದರಲ್ಲಿ ಕನಿಷ್ಠ ಹೂಡಿಕೆ 10 ಲಕ್ಷ. ಸೆಬಿಯಲ್ಲಿ ನೋಂದಣಿಯಾಗದೆ “ಕಟ್ಟಡದ ತುಂಡು” ಮಾರುವವರಿಂದ ದೂರವಿರುವುದೇ ಕ್ಷೇಮ.

ಮಾರುವ ದಿನ ಸರ್ಕಾರದ ಪಾಲನ್ನೂ ಮರೆಯುವಂತಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದ ಮನೆ, ನಿವೇಶನಗಳ ಲಾಭದ ಮೇಲೆ ಶೇಕಡಾ 12.5 ತೆರಿಗೆ ಎಂಬುದು 2024ರ ಜುಲೈ 23ರಿಂದ ಬಂದ ನಿಯಮ. ಅದಕ್ಕೆ ಮೊದಲು ಕೊಂಡಿದ್ದ ಭೂಮಿ, ಕಟ್ಟಡಗಳನ್ನು ಮಾರುವ ಭಾರತವಾಸಿ ವ್ಯಕ್ತಿಗಳು, ಹಣದುಬ್ಬರವನ್ನು ಕಳೆದು ಶೇಕಡಾ 20ರಂತೆ ಲೆಕ್ಕ ಹಾಕಿದಾಗ ತೆರಿಗೆ ಕಡಿಮೆಯಾಗುವುದಾದರೆ, ಅಷ್ಟನ್ನೇ ಕಟ್ಟಬಹುದು.

ಹಾಗಾದರೆ ಹೊಸಬನು ಯಾವ ದಾರಿ ಹಿಡಿಯಬೇಕು? ವಾಸಕ್ಕೊಂದು ಮನೆ ಬೇಕೆನ್ನುವವನ ಲೆಕ್ಕವೇ ಬೇರೆ. ಅವನು ನೆಮ್ಮದಿಯನ್ನೂ ಕೊಳ್ಳುತ್ತಾನೆ, ಅದಕ್ಕೆ ಶೇಕಡಾವಾರು ಲೆಕ್ಕವಿಲ್ಲ. ಹಣ ಬೆಳೆಯಲೆಂದು ತೊಡಗಿಸುವವನು ಮಾತ್ರ, ಐದು ವರ್ಷದೊಳಗೆ ಬೇಕಾದೀತೆಂಬ ಹಣವನ್ನು ನಿವೇಶನದಲ್ಲಿಯಾಗಲಿ ಫ್ಲ್ಯಾಟಿನಲ್ಲಿಯಾಗಲಿ ಹೂಳಬಾರದು. ಸ್ವಲ್ಪವೇ ಹಣವುಳ್ಳವನು ಸಾಲದ ಬೆನ್ನೇರುವ ಬದಲು ರೀಟಿನ ಕೆಲವು ಘಟಕಗಳಿಂದ ಆರಂಭಿಸಿ, ಬಾಡಿಗೆಯೆಂಬುದು ಹೇಗೆ ಏರಿಳಿಯುತ್ತದೆಂದು ಕಲಿಯಬಹುದು. ನಿವೇಶನವನ್ನೇ ಬಯಸುವವನು ಮುಂಗಡ ಕೊಡುವ ಮುನ್ನ, ಮಾರುವವನಿಗೂ ದಲ್ಲಾಳಿಗೂ ಸಂಬಂಧವಿಲ್ಲದ ವಕೀಲರಿಗೆ ಕಾಗದಗಳನ್ನು ತೋರಿಸಲಿ. ಅವರ ಶುಲ್ಕ ದುಬಾರಿ ಎನಿಸಿದರೆ ಸಿವಿಲ್ ದಾವೆಯೊಂದು ಎಷ್ಟು ವರ್ಷ ನಡೆಯುತ್ತದೆಂದು ಬಲ್ಲವರನ್ನು ಕೇಳಲಿ.

ಕೊನೆಯದಾಗಿ ಒಂದು ಮಾತು. ಎಷ್ಟೋ ಮನೆಗಳಲ್ಲಿ ಆಸ್ತಿಯ ಕಾಗದಗಳು ಯಜಮಾನನ ಬೀರುವಿನಲ್ಲಿಯೂ, ಅವುಗಳ ಅರ್ಥ ಅವನ ತಲೆಯಲ್ಲಿಯೂ ಮಾತ್ರ ಇರುತ್ತವೆ. ಅವನಿಗೇನಾದರೂ ಆದ ದಿನ, ಯಾವ ಪತ್ರ ಎಲ್ಲಿದೆ, ಯಾವ ಸಾಲ ಎಷ್ಟು ಉಳಿದಿದೆ ಎಂದು ತಿಳಿಯದೆ ಹೆಂಡತಿ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಕೊಳ್ಳುವಾಗಲೇ ಮನೆಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿಯೊಂದು ಪತ್ರವನ್ನೂ ಓದಿಸುವುದಕ್ಕೆ ಮುದ್ರಾಂಕ ಶುಲ್ಕವಿಲ್ಲ. ಮನೆಮಂದಿಗೆ ಅರ್ಥವಾಗದ ಆಸ್ತಿ ಎಷ್ಟೇ ಬೆಲೆ ಬಾಳಿದರೂ ಅರ್ಧ ಆಸ್ತಿಯೇ ಸರಿ.